ಕಿವಿಗೆ ಕೇಳದ ಸದ್ದು, ಕಣ್ಣಿಗೆ ಕಾಣುವ ಗೆರೆ

ಮನೆಯಲ್ಲಿ ಆಂಪ್ಲಿಫೈಯರ್ ಜೋಡಿಸುವ ಹವ್ಯಾಸಿಗಳಿಗೆ ಈ ಅನುಭವ ಹೊಸದಲ್ಲ. ನಕ್ಷೆಯಲ್ಲಿದ್ದಂತೆಯೇ ಎಲ್ಲವನ್ನೂ ಬೆಸುಗೆ ಹಾಕಿದ್ದಾಗಿದೆ, ಮಲ್ಟಿಮೀಟರಿನಲ್ಲಿ ವೋಲ್ಟೇಜುಗಳು ಸರಿಯಾಗಿವೆ, ಸ್ಪೀಕರಿನಲ್ಲಿ ಹಾಡೂ ಬರುತ್ತಿದೆ. ಆದರೆ ಹಾಡು ನಿಲ್ಲಿಸಿದ ಮೇಲೂ ಹೀಟ್ ಸಿಂಕ್ ಮುಟ್ಟಲಾಗದಷ್ಟು ಸುಡುತ್ತದೆ. ನಾಲ್ಕು ದಿನ ಕಳೆಯುವುದರೊಳಗೆ ಟ್ವೀಟರ್ ಸುಟ್ಟುಹೋಗುತ್ತದೆ. ಇಂಥಲ್ಲಿ ಅನೇಕ ಸಲ ಆಂಪ್ಲಿಫೈಯರ್ ತನ್ನಷ್ಟಕ್ಕೆ ತಾನೇ ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುತ್ತಿರುತ್ತದೆ. ಮನುಷ್ಯನ ಕಿವಿಯ ಎಲ್ಲೆ ಸುಮಾರು 20 ಕಿಲೋಹರ್ಟ್ಸ್. ಅದರಾಚೆಯದು ನಮಗೆ ಕೇಳುವುದಿಲ್ಲ, ಸಾಧಾರಣ ಮೀಟರಿಗೂ ಗೊತ್ತಾಗುವುದಿಲ್ಲ. ಅದನ್ನು ತೋರಿಸುವುದು ಆಸಿಲೋಸ್ಕೋಪ್. ಅದರಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಅಂಗಡಿಯವರ ಬೆಲೆಪಟ್ಟಿಗಿಂತ ಆ ಉಪಕರಣ ಬೆಳೆದು ಬಂದ ಚರಿತ್ರೆಯೇ ಹೆಚ್ಚು ನೆರವಾಗುತ್ತದೆ.

1897ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬುರ್ಗ್ ನಗರದಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಭೌತವಿಜ್ಞಾನಿ ಒಂದು ಗಾಜಿನ ನಳಿಕೆಯನ್ನು ರೂಪಿಸಿದರು. ಒಳಗೆ ಕ್ಯಾಥೋಡ್ ಕಿರಣ, ಅದು ಬಂದು ಬೀಳುವಲ್ಲಿ ಹೊಳೆಯುವ ಪರದೆ, ಪಕ್ಕದಲ್ಲೊಂದು ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಬೆಳಕಿನ ಚುಕ್ಕೆಯೂ ಮೇಲೆ ಕೆಳಗೆ ಓಡುತ್ತಿತ್ತು. ಆದರೆ ಬರಿಯ ಚುಕ್ಕೆಯ ಓಟದಿಂದ ಅಲೆಯ ಆಕಾರ ತಿಳಿಯದು. ಅದನ್ನು ಅಡ್ಡಕ್ಕೆ ಹರಡಿ ನೋಡಲು ಬ್ರೌನ್ ತಿರುಗುವ ಕನ್ನಡಿಯನ್ನು ಬಳಸಿದರು. 1899ರಲ್ಲಿ ಯೋನಾಥನ್ ಝೆನೆಕ್ ಚುಕ್ಕೆಯನ್ನು ವಿದ್ಯುತ್ತಿನಿಂದಲೇ ಅಡ್ಡಕ್ಕೆ ಸರಿಸುವ ಏರ್ಪಾಡು ಸೇರಿಸಿದಾಗ ಕನ್ನಡಿಯ ಕೆಲಸ ಮುಗಿಯಿತು. ಬ್ರೌನ್ ಅವರಿಗೆ 1909ರಲ್ಲಿ ಮಾರ್ಕೋನಿಯವರೊಡನೆ ನೊಬೆಲ್ ಬಹುಮಾನ ಬಂದದ್ದು ನಿಸ್ತಂತು ಸಂಪರ್ಕಕ್ಕೆ, ಈ ನಳಿಕೆಗಲ್ಲ. ದಶಕಗಳ ಕಾಲ ನಮ್ಮ ಮನೆಗಳ ಟಿ.ವಿ. ಪೆಟ್ಟಿಗೆಗಳಲ್ಲಿ ಇದ್ದದ್ದೂ ಇದೇ ನಳಿಕೆಯ ಸಂತತಿ ಎಂಬುದನ್ನು ವೀಕ್ಷಕರು ಗಮನಿಸಬಹುದು.

ಹವ್ಯಾಸಿಯ ದೃಷ್ಟಿಯಿಂದ ನೋಡಿದರೆ ನಿಜವಾದ ತಿರುವಿನ ವರ್ಷ 1947. ಆ ಒಂದೇ ವರ್ಷದಲ್ಲಿ ಮೂರು ಸಂಗತಿಗಳು ನಡೆದವು. ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್‌ಸನ್ ಅವರ ಆಂಪ್ಲಿಫೈಯರ್ ನಕ್ಷೆ ಪ್ರಕಟವಾಯಿತು. ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ಕಳಿಸಿ ವಿಕಾರವನ್ನು ತಗ್ಗಿಸುವ ಋಣ ಫೀಡ್‌ಬ್ಯಾಕ್ ಇದರಲ್ಲಿ 20 ಡೆಸಿಬೆಲ್‌ನಷ್ಟಿತ್ತು. ಧ್ವನಿ ಬಹಳ ಶುದ್ಧ. ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೇಳಿದಷ್ಟು ಒಳ್ಳೆಯದಾಗಿಲ್ಲದಿದ್ದರೆ ಅದೇ ಫೀಡ್‌ಬ್ಯಾಕ್ ತಿರುಗಿಬಿದ್ದು ಆಂಪ್ಲಿಫೈಯರನ್ನು ಕಂಪಿಸುವಂತೆ ಮಾಡುತ್ತಿತ್ತು. ನಾವು ಮೊದಲಿಗೆ ಹೇಳಿದ ರೋಗ ಇದೇ.

ಅದೇ ವರ್ಷ ಅಮೆರಿಕದ ಮಿಷಿಗನ್ ರಾಜ್ಯದ ಹೀತ್ ಕಂಪನಿ, ಯುದ್ಧ ಮುಗಿದ ಮೇಲೆ ಅಗ್ಗವಾಗಿ ವಿಲೇವಾರಿಯಾದ ಐದಂಗುಲದ ನಳಿಕೆಗಳನ್ನು ಬಳಸಿ, ಕೊಂಡವರೇ ಜೋಡಿಸಿಕೊಳ್ಳುವ ಆಸಿಲೋಸ್ಕೋಪಿನ ಕಿಟ್ ಹೊರತಂದಿತು. ಬೆಲೆ 39.50 ಡಾಲರ್. ಇನ್ನೊಂದು ಕಡೆ ಆರೆಗಾನ್ ರಾಜ್ಯದಲ್ಲಿ ಹೊವಾರ್ಡ್ ವೊಲ್ಲಮ್ ಮತ್ತು ಜಾಕ್ ಮರ್ಡಾಕ್ ಮೊದಲಾದವರು ಹಿಂದಿನ ವರ್ಷವಷ್ಟೇ ಕಟ್ಟಿದ್ದ ಟೆಕ್‌ಟ್ರಾನಿಕ್ಸ್ ಕಂಪನಿಯಿಂದ 511 ಎಂಬ ಮಾದರಿ ಬಂತು. ಅದರ ಬೆಲೆ 795 ಡಾಲರ್; ಅಂದರೆ ಕಿಟ್ಟಿನ ಇಪ್ಪತ್ತು ಪಟ್ಟು!

ಈ ಅಂತರ ಸುಮ್ಮನೆ ಬಂದದ್ದಲ್ಲ. ಕಿಟ್ಟಿನಂಥ ಅಗ್ಗದ ಉಪಕರಣಗಳಲ್ಲಿ ಚುಕ್ಕೆ ತನ್ನ ಪಾಡಿಗೆ ಎಡದಿಂದ ಬಲಕ್ಕೆ ಓಡುತ್ತಲೇ ಇರುತ್ತಿತ್ತು. ಅದರ ಓಟವನ್ನು ಅಲೆಯ ಓಟಕ್ಕೆ ಹೊಂದಿಸಲು ಗುಂಡಿಯನ್ನು ಹಿಡಿದು ಕೂರಬೇಕಿತ್ತು. ಸ್ವಲ್ಪ ತಪ್ಪಿದರೂ ಚಿತ್ರ ಜಾರುತ್ತಿತ್ತು. 511ರಲ್ಲಿ ಚುಕ್ಕೆ ಎಡ ಅಂಚಿನಲ್ಲಿ ಕಾಯುತ್ತಿತ್ತು. ಅಲೆ ನಾವು ಗೊತ್ತುಮಾಡಿದ ಮಟ್ಟ ಮುಟ್ಟಿದ ಕ್ಷಣ ಓಟ ಆರಂಭ. ಹೀಗಾಗಿ ಪ್ರತಿ ಚಿತ್ರವೂ ಒಂದೇ ಜಾಗದಿಂದ ಶುರುವಾಗಿ ನಿಶ್ಚಲವಾಗಿ ನಿಲ್ಲುತ್ತಿತ್ತು. ಇದಕ್ಕೇ ಟ್ರಿಗರ್ ಎಂದು ಹೆಸರು. ಹಳೆಯ ಉಪಕರಣ ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನು. ಟ್ರಿಗರ್ ಕೆಟ್ಟ ಆಸಿಲೋಸ್ಕೋಪ್ ಪುಕ್ಕಟೆ ಸಿಕ್ಕರೂ ನಾನಂತೂ ಮನೆಗೆ ತರಲಾರೆ.

511 ತೋರಿಸಬಲ್ಲ ಆವೃತ್ತಿಯ ಎಲ್ಲೆ 10 ಮೆಗಾಹರ್ಟ್ಸ್. ಆಡಿಯೋ ಕೆಲಸಕ್ಕೆ ಇಂದಿಗೂ ಅದು ಬಹುಪಾಲು ಸಾಕು. 20 ಮೆಗಾಹರ್ಟ್ಸಿನ, ಎರಡು ಚಾನೆಲ್ಲಿನ ಉಪಕರಣವಿದ್ದರೆ ಕೊರತೆಯೇ ಇಲ್ಲ. 100, 200 ಮೆಗಾಹರ್ಟ್ಸ್ ಎಂದು ದುಡ್ಡು ಸುರಿಯುವುದು ವ್ಯರ್ಥ. ಹಾಗೆಂದು ಕಿವಿಯ ಎಲ್ಲೆ 20 ಕಿಲೋಹರ್ಟ್ಸ್ ತಾನೇ ಎಂದು ಆಟಿಕೆಯಂಥದ್ದನ್ನು ಕೊಂಡರೂ ಮೋಸವೇ. ಅಂಗೈಯಗಲದ ಕೆಲವು ಡಿಜಿಟಲ್ ಕಿಟ್ಟುಗಳ ಎಲ್ಲೆ 200 ಕಿಲೋಹರ್ಟ್ಸ್ ಮಾತ್ರ. ಒಂದು ಮೆಗಾಹರ್ಟ್ಸಿನಲ್ಲಿ ಕಂಪಿಸುವ ಆಂಪ್ಲಿಫೈಯರ್ ಅದರ ಮುಂದೆ ಸಜ್ಜನನಂತೆ ಕಾಣಬಹುದು.

ಪರೀಕ್ಷೆಗೆ ಶುದ್ಧವಾದ ಅಲೆಯ ಮೂಲವೂ ಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಮೊದಲ ಸರಕೇ ಆಡಿಯೋ ಆಸಿಲೇಟರ್; 1940ರ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಡಿಸ್ನಿಯವರು ಅಂಥ ಎಂಟನ್ನು ಕೊಂಡರು. ಆಸಿಲೇಟರಿನಿಂದ 10 ಕಿಲೋಹರ್ಟ್ಸಿನ ಚೌಕ ಅಲೆಯನ್ನು ಆಂಪ್ಲಿಫೈಯರಿಗೆ ಕೊಟ್ಟು ನೋಡಿ. ಅಲೆಯ ಮೂಲೆಗಳಲ್ಲಿ ಗೆರೆ ನಡುಗಿದರೆ ಫೀಡ್‌ಬ್ಯಾಕ್ ಅಂಚಿಗೆ ಬಂದಿದೆ ಎಂದೇ ಲೆಕ್ಕ.

ಡಿಜಿಟಲ್ ಉಪಕರಣಗಳು ಅಲೆಯನ್ನು ಅಂಕಿಗಳಾಗಿ ನೆನಪಿಟ್ಟು ಚಿತ್ರವನ್ನು ನಿಲ್ಲಿಸಿ ತೋರಿಸುತ್ತವೆ. ಇದೊಂದು ದೊಡ್ಡ ಸೌಕರ್ಯ. ಆದರೆ ಬಹುಕಾಲ ಇವುಗಳ ಮಟ್ಟ 8 ಬಿಟ್, ಅಂದರೆ ಎತ್ತರಕ್ಕೆ 256 ಮೆಟ್ಟಿಲು ಮಾತ್ರ. 2023ರಲ್ಲಿ ಬಂದ ರೈಗೋಲ್ ಡಿಎಚ್‌ಒ 800 ಸರಣಿಯಂಥವುಗಳಿಂದ 12 ಬಿಟ್, 4096 ಮೆಟ್ಟಿಲು, ಹವ್ಯಾಸಿಯ ಕೈಗೂ ಎಟುಕತೊಡಗಿತು. ಹಾಗಿದ್ದರೂ ಶೇಕಡಾ ಒಂದಕ್ಕಿಂತ ಕಡಿಮೆ ವಿಕಾರವನ್ನು ಗೆರೆ ನೋಡಿ ಕಂಡುಹಿಡಿಯುವುದು ಕಷ್ಟ. ಆ ಕೆಲಸಕ್ಕೆ ಕಂಪ್ಯೂಟರಿನ ಒಳ್ಳೆಯ ಸೌಂಡ್ ಕಾರ್ಡೇ ಮೇಲು. ಹಳೆಯ ಅನಲಾಗ್ ಉಪಕರಣದ ಗೆರೆ ನಯವಾಗಿರುತ್ತದೆ, ಬೆಲೆಯೂ ಕಡಿಮೆ. ಆದರೆ ನಳಿಕೆ ಮಂಕಾಗಿರಬಹುದು, ಕೆಪಾಸಿಟರುಗಳು ಒಣಗಿರಬಹುದು. ರಿಪೇರಿ ಬಲ್ಲವರು ಹತ್ತಿರದಲ್ಲಿದ್ದರಷ್ಟೇ ಅದರ ಕಡೆ ಹೋಗಬೇಕು.

ಎರಡು ಚಾನೆಲ್ ಬೇಕೆಂದು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಪ್ರೋಬಿನ ಕಪ್ಪು ಕ್ಲಿಪ್ಪು ಒಳಗಿನಿಂದ ನೇರವಾಗಿ ಗೋಡೆಯ ಪ್ಲಗ್ಗಿನ ಅರ್ತಿಗೆ ಸೇರಿರುತ್ತದೆ. ಕಾರ್ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿರುವ ಬ್ರಿಡ್ಜ್ ಆಂಪ್ಲಿಫೈಯರಿನಲ್ಲಿ ಸ್ಪೀಕರಿನ ಎರಡು ತಂತಿಗಳೂ ಜೀವಂತ. ಒಂದಕ್ಕೆ ಈ ಕ್ಲಿಪ್ಪು ಹಾಕಿದರೆ ಐ.ಸಿ. ಸುಟ್ಟುಹೋಗಬಹುದು. ಎರಡು ಪ್ರೋಬುಗಳ ತುದಿಗಳನ್ನಷ್ಟೇ ಒಂದೊಂದು ತಂತಿಗೆ ಮುಟ್ಟಿಸಿ ಒಂದರಿಂದ ಇನ್ನೊಂದನ್ನು ಕಳೆದು ನೋಡಬೇಕು. ಸ್ವಿಚಿಂಗ್ ಪವರ್ ಸಪ್ಲೈಯ ಮೊದಲ ಭಾಗದಲ್ಲಿ ನಮ್ಮ 230 ವೋಲ್ಟು 300 ವೋಲ್ಟು ಮೀರಿದ ಡಿ.ಸಿ. ಆಗಿ ನಿಂತಿರುತ್ತದೆ. ಅಲ್ಲಿ ಅಳೆಯುವ ಆಸೆಗೆ ಆಸಿಲೋಸ್ಕೋಪಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವ ಅಭ್ಯಾಸ ಕೆಲವರಲ್ಲಿದೆ. ಹಾಗೆ ಮಾಡಿದರೆ ಉಪಕರಣದ ಲೋಹದ ಮೈಗೇ ಆ ವೋಲ್ಟೇಜು ಹರಿಯುತ್ತದೆ. ಮುಟ್ಟಿದವರ ಪ್ರಾಣಕ್ಕೇ ಅಪಾಯ.