ಐಪಿ ವಿಳಾಸಗಳ ಸ್ವಯಂಚಾಲಿತ ಹಂಚಿಕೆ: ಡಿಎಚ್‌ಸಿಪಿ ಅಳವಡಿಸುವುದು ಹೇಗೆ?

ಜಾಲವೊಂದಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಪ್ರತ್ಯೇಕ ಐಪಿ ವಿಳಾಸ ಇರಲೇಬೇಕು. ಎರಡು ಯಂತ್ರಗಳಿಗೆ ಒಂದೇ ವಿಳಾಸ ದೊರೆತರೆ ಎರಡರ ಸಂಪರ್ಕವೂ ಹದಗೆಡುತ್ತದೆ. ನಾಲ್ಕೈದು ಯಂತ್ರಗಳಿಗೆ ವಿಳಾಸವನ್ನು ಕೈಯಾರೆ ನಮೂದಿಸಬಹುದು. ಐವತ್ತು ಯಂತ್ರಗಳಿರುವ ಕಾಲೇಜಿನಲ್ಲಿ ಅದು ಕಷ್ಟಸಾಧ್ಯ. ಈ ಹೊಣೆಯನ್ನು ನಿರ್ವಹಿಸುವುದೇ ಡೈನಾಮಿಕ್ ಹೋಸ್ಟ್ ಕಾನ್ಫಿಗರೇಷನ್ ಪ್ರೊಟೊಕಾಲ್, ಅಂದರೆ ಡಿಎಚ್‌ಸಿಪಿ. 1985ರ ಬೂಟ್‌ಪಿ ವ್ಯವಸ್ಥೆಯನ್ನು ಆಧರಿಸಿ 1993ರಲ್ಲಿ ಇದು ರೂಪುಗೊಂಡಿತು.

ಕಾರ್ಯವಿಧಾನ: ಹೊಸ ಯಂತ್ರವು ವಿಳಾಸಕ್ಕಾಗಿ ಇಡೀ ಜಾಲಕ್ಕೆ ಕೇಳುವಂತೆ ಕೋರಿಕೆ ಕಳುಹಿಸುತ್ತದೆ. ಸರ್ವರ್ ಒಂದು ವಿಳಾಸವನ್ನು ಸೂಚಿಸುತ್ತದೆ. ಯಂತ್ರವು ಅದನ್ನೇ ಬೇಡುತ್ತದೆ, ಸರ್ವರ್ ದೃಢೀಕರಿಸುತ್ತದೆ. ವಿಳಾಸವು ನಿಗದಿತ ಅವಧಿಯ ಗುತ್ತಿಗೆಯಷ್ಟೇ. ಸಾಮಾನ್ಯವಾಗಿ ಅರ್ಧ ಅವಧಿ ಕಳೆದಾಗ ಯಂತ್ರವು ನವೀಕರಣ ಕೋರುತ್ತದೆ.

ಅಳವಡಿಕೆ: ಮೊದಲು ಸರ್ವರ್ ಅಥವಾ ರೌಟರ್‌ಗೆ 192.168.1.1ರಂತಹ ಸ್ಥಿರ ವಿಳಾಸ ನೀಡಿರಿ. ಬಳಿಕ ಹಂಚಬೇಕಾದ ವ್ಯಾಪ್ತಿಯನ್ನು, ಉದಾಹರಣೆಗೆ 192.168.1.100ರಿಂದ 192.168.1.199ರವರೆಗೆ, ಗೊತ್ತುಪಡಿಸಿರಿ. ಸಬ್‌ನೆಟ್ ಮಾಸ್ಕ್, ಗೇಟ್‌ವೇ ಹಾಗೂ ಡಿಎನ್‌ಎಸ್ ವಿವರಗಳನ್ನು ತುಂಬಿರಿ. ಪ್ರಿಂಟರ್‌ಗಳ ಸ್ಥಿರ ವಿಳಾಸಗಳು ಈ ವ್ಯಾಪ್ತಿಯ ಹೊರಗಿರಲಿ.

ಗುತ್ತಿಗೆಯ ಅವಧಿ: ಬಹುತೇಕ ತೊಂದರೆಗಳ ಮೂಲ ಇಲ್ಲಿದೆ. ಮೇಲಿನ ವ್ಯಾಪ್ತಿಯಲ್ಲಿರುವುದು 100 ವಿಳಾಸಗಳು. ಅವಧಿ 24 ಗಂಟೆಯಾಗಿದ್ದು, ಗ್ರಂಥಾಲಯವೊಂದಕ್ಕೆ ದಿನಕ್ಕೆ 150 ಮಂದಿ ಮೊಬೈಲ್ ಸಹಿತ ಬಂದರೆ, ಮೊದಲು ಬಂದವರು ಹೊರಟುಹೋಗಿದ್ದರೂ 101ನೆಯವರಿಗೆ ವಿಳಾಸ ದೊರೆಯದಿರಬಹುದು. ಅಂತಹ ಕಡೆ ಒಂದೆರಡು ಗಂಟೆಯ ಅವಧಿ ಸೂಕ್ತ. ಯಂತ್ರಗಳು ಬದಲಾಗದ ಕಚೇರಿಯಲ್ಲಿ ಕೆಲವು ದಿನಗಳ ಅವಧಿಯಾದರೂ ಅಡ್ಡಿಯಿಲ್ಲ.

ಎಚ್ಚರಿಕೆ: ಯಾರಾದರೂ ಮನೆಯ ರೌಟರನ್ನು ತಂದು ಜಾಲಕ್ಕೆ ಜೋಡಿಸಿದರೆ ಅದೂ ವಿಳಾಸ ಹಂಚತೊಡಗಬಹುದು. ಆಗ ಕೆಲವು ಯಂತ್ರಗಳಿಗೆ ತಪ್ಪು ಗೇಟ್‌ವೇ ದೊರೆತು ಅಂತರ್ಜಾಲ ಸಂಪರ್ಕ ಕಡಿದುಹೋಗುತ್ತದೆ. ದುರುದ್ದೇಶವುಳ್ಳವರು ಇದೇ ಮಾರ್ಗದಿಂದ ಇತರರ ಮಾಹಿತಿ ಸಂಚಾರವನ್ನು ತಮ್ಮ ಯಂತ್ರದತ್ತ ತಿರುಗಿಸಿಕೊಳ್ಳಬಲ್ಲರು. ಇದನ್ನು ತಡೆಯಲು ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಸೌಲಭ್ಯವಿದ್ದರೆ ಸಕ್ರಿಯಗೊಳಿಸಿರಿ.

ಪರೀಕ್ಷೆ: ವಿಂಡೋಸ್ ಗಣಕದ ವಿಳಾಸವು 169.254 ಎಂದು ಆರಂಭವಾಗಿದ್ದರೆ, ಅದಕ್ಕೆ ಸರ್ವರ್‌ನಿಂದ ವಿಳಾಸ ದೊರೆತಿಲ್ಲವೆಂದೇ ಸಾಮಾನ್ಯವಾಗಿ ಅರ್ಥ. ಮೊದಲು ಕೇಬಲ್, ನಂತರ ಸರ್ವರ್, ಕೊನೆಗೆ ವ್ಯಾಪ್ತಿಯಲ್ಲಿ ಉಳಿದಿರುವ ವಿಳಾಸಗಳು, ಈ ಕ್ರಮದಲ್ಲಿ ಪರಿಶೀಲಿಸಿರಿ.