ಪುನರ್ಪುಳಿ ಸರ್ಬತ್ ಇಫ್ತಾರ್‌ಗೆ ಬಂದ ದಾರಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಲವು ಬ್ಯಾರಿ ಮನೆಗಳಲ್ಲಿ ಇಫ್ತಾರ್ ಹೊತ್ತಿಗೆ ಖರ್ಜೂರದ ಪಕ್ಕದಲ್ಲಿ ಪುನರ್ಪುಳಿ ಸರ್ಬತ್ ಇರುತ್ತದೆ. ಇದು ಹಿರಿಯರ ಕಾಲದಿಂದ ಬಂದದ್ದು ಎನ್ನುತ್ತೇವೆ. ಆ ಮಾತು ಅರ್ಧ ನಿಜ. ಹಣ್ಣು ಹಳೆಯದು, ಅದರ ಹುಳಿಯ ಬಳಕೆಯೂ ಹಳೆಯದು. ಆದರೆ ವರ್ಷವಿಡೀ ಬಾಟಲಿಯಲ್ಲಿ ಉಳಿಯುವ ಸಿಹಿ ಸರ್ಬತ್ ಮನೆಮನೆಗೆ ಬಂದದ್ದು ಇತ್ತೀಚೆಗೆ.

ಮೊದಲು ಹಣ್ಣಿನ ಗುರುತು. ನಮ್ಮ ಪುನರ್ಪುಳಿಯನ್ನು ಉತ್ತರ ಕನ್ನಡದಲ್ಲಿ ಮುರುಗಲು ಎನ್ನುತ್ತಾರೆ, ಗೋವಾದ ಕೊಂಕಣಿಯಲ್ಲಿ ಭಿರಂಡ, ಮರಾಠಿಯಲ್ಲಿ ಕೋಕಂ. ಸಸ್ಯಶಾಸ್ತ್ರದ ಹೆಸರು ಗಾರ್ಸೀನಿಯಾ ಇಂಡಿಕಾ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಮೀನು ಸಾರಿಗೆ ಹಾಕುವ ಕೊಡಂಪುಳಿಯ ಜೊತೆ ಇದನ್ನು ಬೆರೆಸಿ ಮಾತಾಡುವವರಿದ್ದಾರೆ. ಎರಡೂ ಒಂದೇ ಕುಟುಂಬದವು, ಆದರೆ ಬೇರೆ ಮರಗಳು. ಕೊಡಂಪುಳಿ ಹಣ್ಣಾದಾಗ ಹಳದಿ, ಪುನರ್ಪುಳಿ ಕಡುಗೆಂಪು.

ಈ ಕರಾವಳಿಯಲ್ಲಿ ಮಳೆಗಾಲಕ್ಕೆಂದು ಕೂಡಿಡುವ ಕೆಲಸವನ್ನು ಹಿಂದೆ ಉಪ್ಪು ಮತ್ತು ಬಿಸಿಲು ಮಾಡುತ್ತಿದ್ದವು. ಸುಮಾರು 1342ರಲ್ಲಿ ಇಲ್ಲಿ ಓಡಾಡಿದ ಇಬ್ನ್ ಬತೂತ, ಹೊನ್ನಾವರದ ಸುಲ್ತಾನ ಜಮಾಲುದ್ದೀನರ ಮನೆಯ ಊಟದಲ್ಲಿ ಅನ್ನದ ಜೊತೆ ಲಿಂಬೆ, ಮಾವು, ಶುಂಠಿ, ಕಾಳುಮೆಣಸಿನ ಉಪ್ಪಿನಕಾಯಿ ಬಡಿಸಿದ್ದನ್ನು ಬರೆದಿದ್ದಾನೆ. ಪುನರ್ಪುಳಿಯ ವಿಚಾರ 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನ ಪುಸ್ತಕದಲ್ಲಿದೆ. ಅವನು ಅದನ್ನು 'ಬ್ರಿಂಡಾವ್' ಎಂದು ಕರೆದಿದ್ದಾನೆ. ಭಿರಂಡ ಎಂಬ ಹೆಸರೇ ಅವನ ಬಾಯಲ್ಲಿ ಹಾಗಾಗಿದೆ. ಬಣ್ಣ ಹಾಕುವವರಿಗೆ ಬೇಕಾಗುವ, ವಿನೆಗರ್ ಮಾಡಲು ಬರುವ ತುಂಬಾ ಹುಳಿಯಾದ ಹಣ್ಣು ಎಂಬುದು ಅವನ ವಿವರಣೆ. ನಮ್ಮ ಅಡುಗೆಮನೆಯಲ್ಲೂ ಹಳೆಯ ಕ್ರಮ ಅದೇ ಜಾತಿಯದು. ಸಿಪ್ಪೆ ಬಿಡಿಸಿ, ಉಪ್ಪು ಹಾಕಿ, ಬಿಸಿಲಲ್ಲಿ ಒಣಗಿಸಿ, ಬರಣಿಯಲ್ಲಿ ಹಾಕಿಡುವುದು. ಬೇಕಾದಾಗ ನೆನೆಸಿ ಹಿಂಡಿದರೆ ಸಾರಿಗೂ ಆಯಿತು, ಬೆಲ್ಲ ಹಾಕಿದರೆ ಕುಡಿಯಲಿಕ್ಕೂ ಆಯಿತು. ಬೀಜದಿಂದ ತೆಗೆದ ಗಟ್ಟಿ ತುಪ್ಪ ಒಡೆದ ಹಿಮ್ಮಡಿಗೆ ಮದ್ದು.

ಸರ್ಬತ್ ಎಂಬ ಮಾತು ಅರಬಿಯ 'ಕುಡಿ' ಎಂಬ ಧಾತುವಿನಿಂದ ಬಂದದ್ದು. ಮಾತು ಬೇಗ ಬಂತು, ಸಕ್ಕರೆ ತಡವಾಗಿ ಬಂತು. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಬೇಕು. ಹಿಂದೆ ಅಷ್ಟು ಬಿಳಿ ಸಕ್ಕರೆ ಉಳ್ಳವರ ಮನೆಯ ಮಾತಾಗಿತ್ತು. 1932ರಲ್ಲಿ ಆಮದು ಸಕ್ಕರೆಯ ವಿರುದ್ಧ ರಕ್ಷಣೆಯ ಕಾನೂನು ಬಂದ ಮೇಲೆ ದೇಶದಲ್ಲಿ ಕಾರ್ಖಾನೆಗಳು ಹೆಚ್ಚಿದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಅಷ್ಟರಲ್ಲಿ ಮಹಾಯುದ್ಧ ಬಂತು, ಸಕ್ಕರೆಗೆ ನಿಯಂತ್ರಣ ಬಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳ ಸೇರಿದ ಕಾಸರಗೋಡಿನಲ್ಲೂ ಮುಂದೆ ಬಹಳ ಕಾಲ ಸಕ್ಕರೆ ಎಂದರೆ ರೇಷನ್ ಕಾರ್ಡಿನ ಲೆಕ್ಕ. ಅದನ್ನು ಚಹಾಕ್ಕೆ ಉಳಿಸಬೇಕೇ, ಹಣ್ಣಿಗೆ ಸುರಿಯಬೇಕೇ? ಅಂಗಡಿಯಲ್ಲಿ ಸಕ್ಕರೆ ಧಾರಾಳವಾಗಿ ಸಿಗುವಂತಾದ ಮೇಲೆಯೇ, ಗಲ್ಫಿನ ದುಡ್ಡು ಮನೆಗೆ ಬರತೊಡಗಿದ ಮೇಲೆಯೇ, ಈ ಪ್ರಶ್ನೆ ಹೋದದ್ದು.

ಮಾಡುವ ಕ್ರಮ ಸರಳ. ಪೂರ್ತಿ ಹಣ್ಣಾದದ್ದನ್ನು ತೊಳೆದು, ಒರೆಸಿ, ಬೀಜ ತೆಗೆಯಬೇಕು. ಗಾಜಿನ ಪಾತ್ರೆಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಬೇಕು. ಸಕ್ಕರೆ ಸಿಪ್ಪೆಯ ನೀರನ್ನು ಎಳೆದು ತಾನೇ ಕರಗುತ್ತದೆ. ಸೋಸಿ, ಸ್ವಲ್ಪ ಉಪ್ಪು ಮತ್ತು ಜೀರಿಗೆ ಪುಡಿ ಸೇರಿಸಿದರೆ ಮುಗಿಯಿತು. ಸಕ್ಕರೆ ಶೇಕಡಾ 65ರ ಹತ್ತಿರ ಇದ್ದರೆ ಬೂಸ್ಟು ಹಿಡಿಯುವುದು ಕಷ್ಟ, ಹುಳಿಯೂ ಕಾಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಕುದಿಸಿದರೆ ಬಣ್ಣ ಮಾಸುತ್ತದೆ.

ಬಾಟಲಿಗೆ ನಮ್ಮಲ್ಲಿ ಇಷ್ಟು ಬೆಲೆ ಬಂದದ್ದಕ್ಕೆ ಇನ್ನೊಂದು ಕಾರಣ ಇದೆ. ಪುನರ್ಪುಳಿ ಮರ ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ. ಮಾರ್ಚ್ ಕೊನೆಯಿಂದ ಮೇ ತನಕ ಹಣ್ಣು, ಮಳೆ ಬಿದ್ದರೆ ಕೊಳೆಯುತ್ತದೆ. ರಂಜಾನ್ ಚಂದ್ರನ ಲೆಕ್ಕದ್ದು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 1987ರಲ್ಲೂ 2020ರಲ್ಲೂ ನೋಂಬು ಏಪ್ರಿಲ್ ಕೊನೆಯ ವಾರದಲ್ಲಿ ಶುರುವಾಯಿತು, ಆಗ ಮರದಲ್ಲೇ ಹಣ್ಣಿತ್ತು. ನಡುವೆ 2004ರಲ್ಲಿ ನೋಂಬು ಬಂದದ್ದು ಅಕ್ಟೋಬರ್ ಮಧ್ಯದಲ್ಲಿ. ಇಂಥ ವರ್ಷಗಳೇ ಹೆಚ್ಚು. ಆಗ ಮೇ ತಿಂಗಳ ಹಣ್ಣನ್ನು ಇಫ್ತಾರ್‌ಗೆ ಮುಟ್ಟಿಸಿದ್ದು ಉಮ್ಮಂದಿರು ತುಂಬಿಟ್ಟ ಬಾಟಲಿ. ಎರಡು ಪಂಚಾಂಗಗಳ ನಡುವಿನ ಈ ಸೇತುವೆಗೆ ಯಾವ ಪುಸ್ತಕದ ಆಧಾರವೂ ಬೇಕಿರಲಿಲ್ಲ, ಕೈಯ ಅಂದಾಜೇ ಸಾಕಾಗಿತ್ತು.

ಈಗ ಸಕ್ಕರೆ ಇದೆ, ಬಾಟಲಿ ಇದೆ, ಕಡಿಮೆಯಾಗುತ್ತಿರುವುದು ಮರ. ಗುಡ್ಡದ ಬದಿಯಲ್ಲಿ, ತೋಟದ ಬೇಲಿಯಲ್ಲಿ ತಾನಾಗಿ ಹುಟ್ಟಿದ ಮರವನ್ನು ಯಾರೂ ಬೆಳೆ ಎಂದು ಎಣಿಸಲಿಲ್ಲ. ರಬ್ಬರ್ ಇಡುವಾಗ, ಕೆಂಪುಕಲ್ಲಿನ ಕೋರೆ ತೆಗೆಯುವಾಗ ಮೊದಲು ಬೀಳುವುದು ಅದೇ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹಣ್ಣು ಬಿಡುವುದಿಲ್ಲವೆಂದು ಗಂಡು ಮರಗಳನ್ನೆಲ್ಲ ಕಡಿದರೆ ಪರಾಗವೂ ಹೋಗುತ್ತದೆ. ಮಹಾರಾಷ್ಟ್ರದವರು ಇದನ್ನು ಬೆಳೆಯಾಗಿ ಕಂಡರು. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ 1997ರಲ್ಲಿ 'ಕೊಂಕಣ ಅಮೃತಾ' ತಳಿ ಬಿಡುಗಡೆ ಮಾಡಿತು. ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಬೀಜದ ಗಿಡ ಹಣ್ಣು ಬಿಡಲು ಏಳೆಂಟು ವರ್ಷ ಬೇಕು, ಹೆಣ್ಣು ಮರದಿಂದ ಕಸಿ ಕಟ್ಟಿದ ಗಿಡ ಅದಕ್ಕಿಂತ ಬೇಗ ಬಿಡುತ್ತದೆ. ಹಿತ್ತಿಲಲ್ಲಿ ಎರಡು ಗಿಡಕ್ಕೆ ಜಾಗ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಏಪ್ರಿಲ್ ಕೊನೆಯ ನೋಂಬು ಮತ್ತೆ ಬರುವುದು 2053ರ ಸುಮಾರಿಗೆ. ಇಂದು ಮದ್ರಸಕ್ಕೆ ಹೋಗುವ ಮಕ್ಕಳು ಆಗ ಮನೆಯ ಹಿರಿಯರಾಗಿರುತ್ತಾರೆ. ಅವರ ಇಫ್ತಾರ್‌ಗೆ ಮರದಿಂದಲೇ ಹಣ್ಣು ಕೊಯ್ದು ತರಬೇಕಾದರೆ ಗಿಡ ಈ ಮಳೆಗಾಲಕ್ಕೇ ಮಣ್ಣು ಸೇರಬೇಕು.