ಕ್ಲಬ್ ಕೆರೆಗಳ ದೊಡ್ಡ ಬ್ರೀಮ್: ಬಿತ್ತನೆಯಿಂದ ಗಾಳದವರೆಗೆ

ಇಂಗ್ಲೆಂಡಿನಲ್ಲಿ ಗಾಳ ಹಾಕುವುದು ಬಹುಪಾಲು ಊಟಕ್ಕಾಗಿ ಅಲ್ಲ. ಹಿಡಿದ ಮೀನನ್ನು ತೂಗಿ ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿನ ಸಿಹಿನೀರಿನ ಗಾಳಗಾರರ ರೂಢಿ. ಈ ರೂಢಿಯ ಸುತ್ತ ಸಾವಿರಾರು ಸಣ್ಣ ಕ್ಲಬ್‌ಗಳು ಬೆಳೆದಿವೆ. ಅವು ಕೆರೆಗಳನ್ನು ಗುತ್ತಿಗೆಗೆ ಪಡೆದು ಮೀನುಮರಿ ಬಿತ್ತುತ್ತವೆ, ದಡ ಕಾಯುತ್ತವೆ, ಸದಸ್ಯರಿಗೆ ಗಾಳ ಹಾಕುವ ಹಕ್ಕು ಕೊಡುತ್ತವೆ. ಆ ಕೆರೆಗಳ ಮೀನುಗಳಲ್ಲಿ ದೊಡ್ಡ ಗಾತ್ರಕ್ಕೆ ಬರಲು ಅತಿ ಹೆಚ್ಚು ಕಾಲ ಬೇಡುವವುಗಳಲ್ಲಿ ಬ್ರೀಮ್ ಒಂದು.

ಮೀನಿನ ಪರಿಚಯ

ಬ್ರೀಮ್ ಯುರೋಪಿನ ನಿಧಾನ ಹರಿವಿನ ನದಿಗಳ ಮತ್ತು ಕೆರೆಗಳ ಮೀನು. 1758ರಲ್ಲಿ ಲಿನೇಯಸ್ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಇದರ ಇಂದಿನ ವೈಜ್ಞಾನಿಕ ಹೆಸರು ಅಬ್ರಾಮಿಸ್ ಬ್ರಾಮಾ. ನಮ್ಮ ಕಾಟ್ಲಾ, ರೋಹು ಮೀನುಗಳಿರುವ ಗೆಂಡೆ ಗಣಕ್ಕೇ ಇದೂ ಸೇರುತ್ತದೆ. ದೇಹವು ಎತ್ತರವಾಗಿ, ಎರಡೂ ಬದಿಗಳಿಂದ ಒತ್ತಿದಂತೆ ಚಪ್ಪಟೆಯಾಗಿದ್ದು, ಪಕ್ಕದಿಂದ ನೋಡಿದರೆ ಊಟದ ದೊಡ್ಡ ತಟ್ಟೆಯಂತೆ ಕಾಣುತ್ತದೆ. ಮರಿಯ ಮೈ ಬೆಳ್ಳಿ ಬಣ್ಣದ್ದು. ವಯಸ್ಸಾದಂತೆ ಅದು ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಈಜುರೆಕ್ಕೆಗಳು ಕಪ್ಪಾಗುತ್ತವೆ. ಮೈಮೇಲೆ ದಪ್ಪನೆಯ ಲೋಳೆಯ ಪದರವಿರುತ್ತದೆ. ಸಣ್ಣ ಬ್ರೀಮ್‌ಗಳನ್ನು ಗಾಳಗಾರರು ಸ್ಕಿಮ್ಮರ್ ಎಂದೂ ದೊಡ್ಡವನ್ನು ಸ್ಲ್ಯಾಬ್ ಎಂದೂ ಕರೆಯುತ್ತಾರೆ.

ಇದನ್ನು ಹೋಲುವ ಇನ್ನೊಂದು ಜಾತಿ ಸಿಲ್ವರ್ ಬ್ರೀಮ್. ಅದು ಗಾತ್ರದಲ್ಲಿ ಬಹಳ ಚಿಕ್ಕದು, ಕಣ್ಣು ದೊಡ್ಡದು. ಬ್ರೀಮ್ ಮತ್ತು ರೋಚ್ ಮೀನುಗಳು ಒಂದೇ ಕಾಲದಲ್ಲಿ, ಒಂದೇ ಗಿಡಗಂಟಿಗಳ ನಡುವೆ ಮೊಟ್ಟೆಯಿಟ್ಟಾಗ ಮಿಶ್ರತಳಿಗಳೂ ಹುಟ್ಟುತ್ತವೆ.

ಆಹಾರ ಮತ್ತು ಬೆಳವಣಿಗೆ

ಬ್ರೀಮ್‌ನ ಬಾಯಿ ಕೆಳಮುಖವಾಗಿ, ಕೊಳವೆಯ ಹಾಗೆ ಹೊರಚಾಚಬಲ್ಲದು. ಮೀನು ತಲೆ ಕೆಳಗೆ, ಬಾಲ ಮೇಲೆ ಮಾಡಿ ಹೂಳಿನೊಳಗೆ ಬಾಯಿ ಚಾಚುತ್ತದೆ, ಒಂದು ಗುಕ್ಕು ಕೆಸರನ್ನು ಹೀರುತ್ತದೆ, ತಿನ್ನುವುದನ್ನು ಬಾಯೊಳಗೇ ಬೇರ್ಪಡಿಸಿ ಉಳಿದ ಕೆಸರನ್ನು ಹೊರಹಾಕುತ್ತದೆ. ದವಡೆಯಲ್ಲಿ ಹಲ್ಲುಗಳಿಲ್ಲ, ಗಂಟಲಿನ ಎರಡೂ ಬದಿ ಐದೈದು ಹಲ್ಲುಗಳಿದ್ದು, ಅರೆಯುವ ಕೆಲಸ ಅಲ್ಲಿ ನಡೆಯುತ್ತದೆ. ಮುಖ್ಯ ಆಹಾರ ಹೂಳಿನಲ್ಲಿ ಬದುಕುವ ಕೆಂಪು ಹುಳುಗಳು, ಅಂದರೆ ಕೈರೊನೊಮಿಡ್ ಎಂಬ ಕಚ್ಚದ ನೊಣಗಳ ಮರಿಹುಳುಗಳು. ಬಸವನಹುಳು, ಸಣ್ಣ ಚಿಪ್ಪುಜೀವಿಗಳನ್ನೂ ಅದು ತಿನ್ನುತ್ತದೆ. ತಳದಲ್ಲಿ ಆಹಾರ ಕಡಿಮೆಯಾದರೆ ನಡುನೀರಿಗೆ ಬಂದು ಕಿವಿರಿನ ಜಾಲರಿಯಿಂದ ಪ್ರಾಣಿಪ್ಲವಕಗಳನ್ನು ಸೋಸಿಕೊಳ್ಳುತ್ತದೆ. ಗಾಳಕ್ಕೆ ವಾರಗಟ್ಟಲೆ ಒಂದೂ ಬ್ರೀಮ್ ಬೀಳದಿರುವುದಕ್ಕೆ ಇದೂ ಒಂದು ಕಾರಣ: ಆಗ ಅದರ ಊಟ ತಳದಲ್ಲಿ ಇರುವುದೇ ಇಲ್ಲ.

ಬ್ರಿಟನ್ನಿನ ತಂಪು ನೀರಿನಲ್ಲಿ ಬೆಳವಣಿಗೆ ನಿಧಾನ. ಸಾಮಾನ್ಯ ಕೆರೆಯೊಂದರಲ್ಲಿ ಒಂದು ಕಿಲೋ ಮುಟ್ಟಲು ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಮೀನು ಇಪ್ಪತ್ತು ವರ್ಷ ದಾಟಿಯೂ ಬದುಕುತ್ತದೆ. ಪೊರೆಯ ಮೇಲೆ ಬೇಸಗೆಯ ಬೆಳವಣಿಗೆ ಅಗಲವಾದ, ಚಳಿಗಾಲದ ಬೆಳವಣಿಗೆ ಒತ್ತಾದ ಗೆರೆಗಳಾಗಿ ಉಳಿಯುವುದರಿಂದ ಒಂದೆರಡು ಪೊರೆ ಕಿತ್ತು ಸೂಕ್ಷ್ಮದರ್ಶಕದಡಿ ಇಟ್ಟರೆ ವಯಸ್ಸನ್ನು ಓದಬಹುದು. ಒಂದು ಕೆರೆಯಲ್ಲಿ ದೊಡ್ಡ ಬ್ರೀಮ್ ಬೆಳೆಯುವುದೇ ಇಲ್ಲವೇ ಎಂಬ ಪ್ರಶ್ನೆಗೆ ಕ್ಲಬ್‌ಗಳು ಮೊದಲು ಹುಡುಕಬೇಕಾದ ಉತ್ತರ ಇಲ್ಲಿದೆ. ಅಂಗೈಯಗಲದ ಮೀನಿನ ಪೊರೆಯಲ್ಲಿ ಎಂಟೊಂಬತ್ತು ಗೆರೆಗಳು ಸಿಕ್ಕರೆ, ಅದು ಮರಿಯಲ್ಲ, ಹೊಟ್ಟೆಗೆ ಸಾಲದೆ ಕುಗ್ಗಿದ ವಯಸ್ಕ.

ಕ್ಲಬ್ ಕೆರೆಗಳ ಹುಟ್ಟು

ಕ್ಲಬ್‌ಗಳ ವಶದಲ್ಲಿರುವ ಕೆರೆಗಳಲ್ಲಿ ಹಳೆಯ ಜಮೀನುದಾರಿ ಕೊಳಗಳು, ಕಾಲುವೆಗಳಿಗೆ ನೀರುಣಿಸಲು ಕಟ್ಟಿದ ಜಲಾಶಯಗಳು, ಮತ್ತು ಮರಳು-ಜಲ್ಲಿ ಅಗೆದು ಬಿಟ್ಟ ಗುಂಡಿಗಳು ಸೇರಿವೆ. ದೊಡ್ಡ ಬ್ರೀಮ್ ದೃಷ್ಟಿಯಿಂದ ಮೂರನೆಯ ಬಗೆಯವು ಎಲ್ಲಕ್ಕಿಂತ ಮುಖ್ಯ. ಎರಡನೆಯ ಮಹಾಯುದ್ಧದ ನಂತರ ಮನೆ, ರಸ್ತೆಗಳ ನಿರ್ಮಾಣಕ್ಕಾಗಿ ಥೇಮ್ಸ್, ಕೋಲ್ನ್, ಟ್ರೆಂಟ್, ಗ್ರೇಟ್ ಊಸ್ ನದಿಗಳ ಕಣಿವೆಗಳಲ್ಲಿ ಅಪಾರ ಪ್ರಮಾಣದ ಜಲ್ಲಿಯನ್ನು ತೆಗೆಯಲಾಯಿತು. ಕೆಲಸ ಮುಗಿದ ಮೇಲೆ ಗುಂಡಿಗಳಲ್ಲಿ ಅಂತರ್ಜಲ ತುಂಬಿಕೊಂಡಿತು. ಅಗೆದ ಯಂತ್ರಗಳು ಬಿಟ್ಟುಹೋದ ದಿಬ್ಬ ಮತ್ತು ಕಂದಕಗಳು ನೀರಿನಡಿಯಲ್ಲಿ ಇಂದಿಗೂ ಹಾಗೆಯೇ ಇವೆ. ನೀರು ತಿಳಿ, ಆಳ ಹೆಚ್ಚು, ಆಹಾರ ಸಮೃದ್ಧ. ಆದರೆ ಮೊಟ್ಟೆಯಿಡಲು ಬೇಕಾದ ಬೆಚ್ಚನೆಯ, ಗಿಡಗಳಿರುವ ಆಳವಿಲ್ಲದ ಅಂಚು ಕಡಿಮೆ.

ಬ್ರೀಮ್ ಸಾಮಾನ್ಯವಾಗಿ ಮೇ–ಜೂನ್ ತಿಂಗಳಲ್ಲಿ, ನೀರಿನ ಉಷ್ಣಾಂಶ ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮೊಟ್ಟೆಯಿಡುತ್ತದೆ. ಆಗ ಗಂಡುಗಳ ತಲೆ ಮತ್ತು ಮೈಮೇಲೆ ಬಿಳಿಯ ಗಟ್ಟಿ ಗುಳ್ಳೆಗಳು ಏಳುತ್ತವೆ. ಹೆಣ್ಣೊಂದು ಲಕ್ಷಕ್ಕೂ ಹೆಚ್ಚು ಮೊಟ್ಟೆಗಳನ್ನು ಜಲಸಸ್ಯಗಳಿಗೆ ಅಂಟಿಸಬಲ್ಲದು. ಆಳದ ಜಲ್ಲಿ ಕೆರೆಗಳಲ್ಲಿ ಈ ಮೊಟ್ಟೆಗಳಿಂದ ಬದುಕಿ ಬೆಳೆಯುವ ಮರಿಗಳು ತೀರ ಕಡಿಮೆ. ಹೀಗಾಗಿ ಅಲ್ಲಿ ಕೆಲವೇ ಮೀನುಗಳು ಇಡೀ ಕೆರೆಯ ಆಹಾರ ತಿಂದು ಬೆಳೆಯುತ್ತವೆ.

ಬಿತ್ತನೆಯ ಲೆಕ್ಕ

ಒಂದು ಕೆರೆ ಎಷ್ಟು ಮೀನನ್ನು ಪೋಷಿಸುತ್ತದೆ ಎಂಬುದು ಎಣಿಕೆಯ ಮಾತಲ್ಲ, ಒಟ್ಟು ತೂಕದ ಮಾತು. ಕೆರೆಯೊಂದು 1,000 ಕಿಲೋ ಬ್ರೀಮ್ ಸಾಕಬಲ್ಲದು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆ ಸಾವಿರ ಕಿಲೋ 5 ಕಿಲೋ ತೂಗುವ 200 ಮೀನುಗಳಾಗಬಹುದು, ಅಥವಾ 200 ಗ್ರಾಂ ತೂಗುವ 5,000 ಮೀನುಗಳಾಗಬಹುದು. ನೀರು ಒಂದೇ, ಆಹಾರ ಒಂದೇ. ವ್ಯತ್ಯಾಸವೆಲ್ಲ ಪಾಲುದಾರರ ಸಂಖ್ಯೆಯಲ್ಲಿದೆ. ದೊಡ್ಡ ಬ್ರೀಮ್ ಬೇಕೆನ್ನುವ ಸಮಿತಿಗೆ ಅತ್ಯಂತ ಕಠಿಣವಾದ ನಿರ್ಧಾರ ಇನ್ನಷ್ಟು ಮರಿ ಬಿಡದೆ ಕೈಕಟ್ಟಿ ಕೂರುವುದು. ಪ್ರತಿ ವಾರ್ಷಿಕ ಸಭೆಯಲ್ಲೂ ಮೀನು ಸಿಗುತ್ತಿಲ್ಲ ಎಂಬ ದೂರು ಏಳುತ್ತದೆ, ಹೊಸ ಬಿತ್ತನೆಯೇ ಪರಿಹಾರವೆಂದು ತೋರುತ್ತದೆ. ಆದರೆ ಒಂದು ಚಳಿಗಾಲದ ಅತಿಬಿತ್ತನೆಯ ಫಲ ಇಪ್ಪತ್ತು ವರ್ಷ ಕೆರೆಯಲ್ಲಿ ಉಳಿಯುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಮರಿಗಳೇ ಉಳಿಯದ ಕೆರೆಯಲ್ಲಿ ಎಲ್ಲ ಮೀನುಗಳೂ ಒಂದೇ ಪೀಳಿಗೆಯವಾಗಿರುತ್ತವೆ. ಅವು ವರ್ಷದಿಂದ ವರ್ಷಕ್ಕೆ ತೂಕ ಏರಿಸಿಕೊಂಡು, ಗಾಳಗಾರರಿಗೆ ಹೆಸರು ತಂದು, ಕೆಲವೇ ವರ್ಷಗಳ ಅಂತರದಲ್ಲಿ ಒಟ್ಟಿಗೆ ಮುಪ್ಪಾಗಿ ಸಾಯುತ್ತವೆ. ಆದ್ದರಿಂದ ಹಲವು ವರ್ಷಗಳಿಗೊಮ್ಮೆ, ಸಣ್ಣ ಸಂಖ್ಯೆಯಲ್ಲಿ, ಬೇರೆ ಬೇರೆ ವಯಸ್ಸಿನ ಮೀನು ಸೇರಿಸುವುದು ಉತ್ತಮ ಕ್ರಮ. ಬಿಡುವ ಮೀನು ಅಂಗೈಗಿಂತ ಅಗಲವಾಗಿರುವುದು ಲೇಸು. ಚಳಿಗಾಲದಲ್ಲಿ ಒಳನಾಡಿನ ಕೆರೆಗಳಿಗೆ ಗುಂಪಾಗಿ ಬರುವ ನೀರುಕಾಗೆಗಳು ಸಣ್ಣ ಮರಿಗಳನ್ನು ಬೇಗನೆ ಖಾಲಿ ಮಾಡುತ್ತವೆ. ಎತ್ತರದ ಮೈ ಬೆಳೆದ ಮೇಲೆ ಬ್ರೀಮ್ ಆ ಹಕ್ಕಿಯ ಗಂಟಲಿಗೆ ಹಿಡಿಸುವುದಿಲ್ಲ. ನೀರುನಾಯಿಗೆ ಈ ಮಿತಿಯಿಲ್ಲ. ಇಂಗ್ಲೆಂಡಿನಲ್ಲಿ ಅದರ ಸಂಖ್ಯೆ ಚೇತರಿಸಿಕೊಂಡ ಮೇಲೆ ಅನೇಕ ಕ್ಲಬ್‌ಗಳು ಕೆರೆಯ ಸುತ್ತ ಬೇಲಿ ಹಾಕಿಸಿವೆ.

ಗೆಂಡೆ ಮೀನಿನ ಬಿತ್ತನೆಯನ್ನೂ ಈ ಲೆಕ್ಕದೊಳಗೇ ಎಣಿಸಬೇಕು. ಗೆಂಡೆಯೂ ಬ್ರೀಮ್‌ನಂತೆ ತಳದ ಹೂಳನ್ನು ಕೆದಕಿ ತಿನ್ನುವುದರಿಂದ ಎರಡೂ ಒಂದೇ ಆಹಾರಕ್ಕೆ ಸ್ಪರ್ಧಿಸುತ್ತವೆ. ಅದೇ ವೇಳೆ ಗೆಂಡೆಗಾಗಿ ಎಸೆಯುವ ಬಾಯ್ಲಿ ಎಂಬ ಪ್ರೋಟೀನ್‌ಭರಿತ ಉಂಡೆಗಳನ್ನು ತಿಂದೇ ಬ್ರೀಮ್‌ಗಳ ತೂಕ ಇತ್ತೀಚಿನ ದಶಕಗಳಲ್ಲಿ ಏರಿದೆ ಎಂಬುದು ಗಾಳಗಾರರಲ್ಲಿ ವ್ಯಾಪಕವಾದ ಅಭಿಪ್ರಾಯ.

ಅನುಮತಿ ಮತ್ತು ಸಾಗಣೆ

ಇಂಗ್ಲೆಂಡಿನಲ್ಲಿ ಯಾವುದೇ ಕೆರೆಗೆ ಮೀನು ಬಿಡಲು ಪರಿಸರ ಸಂಸ್ಥೆಯ ಪರವಾನಗಿ ಬೇಕು. 2015ರ ಮೀನು ಸಾಕಣೆ ಮತ್ತು ಬಿತ್ತನೆ ನಿಯಮಗಳು ಇದಕ್ಕೆ ಆಧಾರ. ಹೊರಗಿನ ಪರಾವಲಂಬಿ ಜೀವಿಗಳು ಹರಡದಂತೆ ತಡೆಯುವುದು ಈ ವ್ಯವಸ್ಥೆಯ ಮುಖ್ಯ ಉದ್ದೇಶ. ಇದೇ ಸಂಸ್ಥೆ ನಾಟಿಂಗ್‌ಹ್ಯಾಮ್‌ಶೈರ್‌ನ ಕ್ಯಾಲ್ವರ್ಟನ್‌ನಲ್ಲಿ ಮೀನುಮರಿ ಕೇಂದ್ರವೊಂದನ್ನು ನಡೆಸುತ್ತದೆ. ಗಾಳದ ಪರವಾನಗಿ ಶುಲ್ಕದ ಹಣದಿಂದ ಅಲ್ಲಿ ಬ್ರೀಮ್ ಸೇರಿದಂತೆ ಹಲವು ಜಾತಿಯ ಮೀನುಗಳನ್ನು ಬೆಳೆಸಲಾಗುತ್ತದೆ. ಬಿತ್ತನೆಗೆ ಚಳಿಗಾಲವೇ ಯೋಗ್ಯ. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ, ಮೀನಿನ ದೇಹಕ್ರಿಯೆ ಮಂದವಾಗಿರುತ್ತದೆ, ಲೋಳೆ ಸುಲಭವಾಗಿ ಕಳಚುವುದಿಲ್ಲ.

ಮೀನಿನ ದಾರಿ ಗುರುತಿಸುವುದು

ದೊಡ್ಡ ಕೆರೆಯಲ್ಲಿ ಬ್ರೀಮ್ ಹಿಡಿಯುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಅದನ್ನು ಹುಡುಕುವುದು. ಬ್ರೀಮ್ ಗುಂಪಿನ ಮೀನು. ದಿಬ್ಬಗಳ ಬುಡ, ಕಂದಕಗಳ ತಳ ಹಿಡಿದು ಅದು ಹೆಚ್ಚುಕಡಿಮೆ ಗೊತ್ತಾದ ದಾರಿಯಲ್ಲಿ ಸುತ್ತುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಗುಂಪಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬೆನ್ನು ತೋರಿಸಿ ಮಗುಚುತ್ತವೆ. ಸದ್ದು ತೀರ ಕಡಿಮೆ, ಅಲೆಯೂ ಸಣ್ಣದು. ಗಾಳವನ್ನೇ ಹಾಕದೆ ಕೆಲವು ಸಂಜೆ ದಡದಲ್ಲಿ ಕುಳಿತು, ಮೀನು ಮಗುಚಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ ಆ ಬಿಂದುಗಳು ಒಂದು ಸಾಲಾಗಿ ಕೂಡಿಕೊಳ್ಳುತ್ತವೆ. ಈ ಕೆಲಸಕ್ಕೆ ಯಾವ ಉಪಕರಣವೂ ಸಾಟಿಯಲ್ಲ.

ನಂತರ ತಳದ ಪರೀಕ್ಷೆ. ದಾರದ ತುದಿಗೆ ತೇಲುಬೆಂಡು ಕಟ್ಟಿ, ದಾರದ ಮೇಲೆ ಸರಿದಾಡುವ ಗುಂಡೊಂದನ್ನು ಪೋಣಿಸಿ ಎಸೆಯುತ್ತಾರೆ. ಗುಂಡು ತಳದಲ್ಲಿರುವಾಗ ದಾರವನ್ನು ಅಳೆದು ಅಳೆದು ಬಿಟ್ಟು, ಬೆಂಡು ಮೇಲೆ ಬಂದಾಗ ಆಳದ ಲೆಕ್ಕ ಸಿಗುತ್ತದೆ. ಎಳೆಯುವಾಗ ಜಲ್ಲಿಯ ಮೇಲೆ ಗುಂಡು ಕಟಕಟನೆ ಅದುರುತ್ತದೆ, ಹೂಳಿನಲ್ಲಿ ನಯವಾಗಿ ಜಾರುತ್ತದೆ, ಕಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಜಲ್ಲಿ ಮುಗಿದು ಹೂಳು ಆರಂಭವಾಗುವ ಅಂಚು ಮೇವು ಹಾಕಲು ಉತ್ತಮ ತಾಣ.

ಮೇವು, ಗಾಳ, ಸೂಚಕ

ಬ್ರೀಮ್ ಗುಂಪನ್ನು ಒಂದೆಡೆ ನಿಲ್ಲಿಸಲು ಮೇವು ಧಾರಾಳವಾಗಿ ಬೇಕು ಎಂಬುದು ಹಳೆಯ ತಿಳಿವಳಿಕೆ. 1653ರಲ್ಲಿ ಮೊದಲು ಪ್ರಕಟವಾದ ಐಸಾಕ್ ವಾಲ್ಟನ್‌ನ ‘ದಿ ಕಂಪ್ಲೀಟ್ ಆಂಗ್ಲರ್’ ಗ್ರಂಥದಲ್ಲೇ ಬಾರ್ಲಿಯ ಮಾಲ್ಟ್ ಬೇಯಿಸಿ ಬ್ರೀಮ್‌ಗೆ ಚೆಲ್ಲುವ ಕ್ರಮವಿದೆ. ಇಂದು ಬ್ರೆಡ್ಡಿನ ಪುಡಿ ಮತ್ತು ಮೀನಿನ ಹಿಟ್ಟಿನ ಮಿಶ್ರಣಕ್ಕೆ ಸಿಹಿ ಮೆಕ್ಕೆಜೋಳ, ಕತ್ತರಿಸಿದ ಎರೆಹುಳು, ನೊಣದ ಮರಿಹುಳುಗಳನ್ನು ಬೆರೆಸುತ್ತಾರೆ. ಹದ ಇಲ್ಲಿ ಮುಖ್ಯ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು. ತಳ ಮುಟ್ಟಿದ ಮೇಲೆ ಬಿಚ್ಚಿಕೊಳ್ಳಬೇಕು. ಪ್ರತಿ ಎಸೆತವೂ ಅದೇ ದೂರಕ್ಕೆ ಬೀಳಲೆಂದು ರೀಲಿನ ಕ್ಲಿಪ್ಪಿಗೆ ದಾರವನ್ನು ಸಿಕ್ಕಿಸಿಡುತ್ತಾರೆ.

ಗಾಳದ ಬಳಿ ಮೇವು ಒಯ್ಯುವ ತೂತುಗಳಿರುವ ಸಣ್ಣ ಡಬ್ಬಿಗೆ ಫೀಡರ್ ಎಂದು ಹೆಸರು. 10ರಿಂದ 14ನೇ ಅಳತೆಯ ಕೊಕ್ಕೆ, ಸುಮಾರು 8 ಪೌಂಡ್ ಎಳೆತ ತಡೆಯುವ ದಾರ ಸಾಕು. ಗಾತ್ರಕ್ಕೆ ತಕ್ಕ ಸೆಣಸಾಟ ಬ್ರೀಮ್‌ನಲ್ಲಿಲ್ಲ. ಅದು ಭಾರವಾಗಿ, ನಿಧಾನವಾಗಿ ತಲೆ ಕೊಡವುತ್ತ ಬರುತ್ತದೆ.

ಕಚ್ಚಿದ್ದನ್ನು ತಿಳಿಯುವುದೇ ಸೂಕ್ಷ್ಮದ ಕೆಲಸ. ಕೋಲನ್ನು ವಿದ್ಯುತ್ ಸೂಚಕದ ಮೇಲೆ ಇಟ್ಟು ದಾರಕ್ಕೆ ಬಾಬಿನ್ ಎಂಬ ಹಗುರ ತೂಕವನ್ನು ತೂಗಹಾಕುತ್ತಾರೆ. ಎತ್ತರದ ಮೈಯ ಮೀನುಗಳ ಗುಂಪು ಹಾದುಹೋಗುವಾಗ ದಾರ ಮೈಗೆ ಉಜ್ಜುತ್ತದೆ, ಬಾಬಿನ್ ಥಟ್ಟನೆ ಏರಿ ಅಷ್ಟೇ ಬೇಗ ಇಳಿಯುತ್ತದೆ. ಇದು ಕಚ್ಚಿದ ಗುರುತಲ್ಲ. ಆಗ ಕೋಲೆತ್ತಿದರೆ ಗುಂಪು ಬೆದರುತ್ತದೆ. ತಲೆತಗ್ಗಿಸಿ ಮೇವು ಹೀರಿದ ಮೀನು ಮತ್ತೆ ನೇರವಾಗುವಾಗ ಗುಂಡನ್ನು ತಳದಿಂದ ಮೇಲೆತ್ತುತ್ತದೆ. ದಾರ ಸಡಿಲವಾಗಿ ಬಾಬಿನ್ ನಿಧಾನವಾಗಿ ನೆಲದ ಕಡೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಇದೇ ನಿಜವಾದ ಕಚ್ಚು. ತಿಳಿನೀರಿನ ಜಲ್ಲಿ ಕೆರೆಗಳಲ್ಲಿ ಇದು ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದೊಳಗೆ ನಡೆಯುತ್ತದೆ.

ಹಿಡಿದ ಮೇಲೆ

ಗಂಟಿಲ್ಲದ ಮೃದುವಾದ ಬಲೆ, ನೆನೆಸಿದ ಚಾಪೆ, ಒದ್ದೆ ಕೈ ಕಡ್ಡಾಯ. ಲೋಳೆಯೇ ಸೋಂಕಿನ ವಿರುದ್ಧ ಮೀನಿನ ಮೊದಲ ರಕ್ಷಣೆ. ಒಣ ಬಟ್ಟೆಗೆ ಅದು ಹಾಳೆಯಾಗಿ ಅಂಟಿ ಬರುತ್ತದೆ. ತೂಗುಚೀಲವನ್ನು ನೆನೆಸಿ, ತಕ್ಕಡಿಯನ್ನು ಸೊನ್ನೆಗೆ ತಂದು ತೂಗಬೇಕು. ಬೇಸಗೆಯ ಬೆಚ್ಚನೆಯ ನೀರಿನಲ್ಲಿ ಬಿಡುವಾಗ ಮೀನನ್ನು ನೇರವಾಗಿ ಹಿಡಿದು, ಕಿವಿರು ಲಯಬದ್ಧವಾಗಿ ಆಡಿ ಅದು ತಾನಾಗಿ ಹೊರಡುವವರೆಗೆ ಕಾಯಬೇಕು. ಸೀಸದ ಸಣ್ಣ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ 1987ರಿಂದ ಅಂಥ ಗುಂಡುಗಳ ಬಳಕೆಗೆ ನಿಷೇಧವಿದೆ.

ಈ ಬಿಡುವ ಪದ್ಧತಿ ಕರ್ನಾಟಕಕ್ಕೂ ಅಪರಿಚಿತವಲ್ಲ. ಕಾವೇರಿಯ ಭೀಮೇಶ್ವರಿ ಭಾಗದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಗಾಳಗಾರರು ಮಹಶೀರ್ ಮೀನನ್ನು ಹಿಡಿದು, ತೂಗಿ, ಬಿಡುವ ಕ್ರಮವನ್ನು ಹಲವು ವರ್ಷ ಪಾಲಿಸಿದ್ದರು.

ಹೆಸರಾದ ಕೆರೆಗಳು, ಬೇಡವಾದ ಕೆರೆಗಳು

ಇಂಗ್ಲೆಂಡಿನಲ್ಲಿ 10 ಪೌಂಡ್, ಅಂದರೆ ಸುಮಾರು 4.5 ಕಿಲೋ ದಾಟಿದ ಬ್ರೀಮ್‌ಗೆ ವಿಶೇಷ ಗೌರವ. ಹರ್ಟ್‌ಫರ್ಡ್‌ಶೈರ್‌ನಲ್ಲಿ 19ನೇ ಶತಮಾನದ ಆರಂಭದಲ್ಲಿ ಕಾಲುವೆಗಾಗಿ ಕಟ್ಟಿದ ಟ್ರಿಂಗ್ ಜಲಾಶಯಗಳು ಈ ಮೀನಿಗೆ ಬಹುಕಾಲದಿಂದ ಹೆಸರಾಗಿವೆ. 1980ರ ದಶಕದಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಕ್ವೀನ್‌ಫರ್ಡ್ ಲಗೂನ್ ಎಂಬ ಜಲ್ಲಿ ಕೆರೆ ಬ್ರೀಮ್‌ನ ಗಾತ್ರದ ಬಗೆಗಿದ್ದ ಕಲ್ಪನೆಯನ್ನೇ ಬದಲಿಸಿತು. 2012ರಲ್ಲಿ ಕೇಂಬ್ರಿಜ್‌ಶೈರ್‌ನ ಫೆನ್ ಡ್ರೇಟನ್ ಬಳಿಯ ಫೆರಿ ಲಗೂನ್‌ನಲ್ಲಿ 22 ಪೌಂಡ್ 11 ಔನ್ಸ್, ಅಂದರೆ 10 ಕಿಲೋ ಮೀರಿದ ಮೀನು ಸಿಕ್ಕು ಬ್ರಿಟಿಷ್ ದಾಖಲೆಯಾಯಿತು. ಅದೂ ಗ್ರೇಟ್ ಊಸ್ ಕಣಿವೆಯ ಜಲ್ಲಿ ಗುಂಡಿಯೇ.

ಎಲ್ಲ ಕೆರೆಗಳಿಗೂ ಬ್ರೀಮ್ ಸಲ್ಲದು. ಆಳವಿಲ್ಲದ, ಹೂಳು ತುಂಬಿದ ಕೆರೆಯಲ್ಲಿ ಬ್ರೀಮ್ ಹೆಚ್ಚಾದರೆ ತಳ ಸದಾ ಕದಡಿ ನೀರು ಬಗ್ಗಡವಾಗುತ್ತದೆ, ಬೆಳಕು ಕೆಳಗಿಳಿಯದೆ ಜಲಸಸ್ಯಗಳು ನಶಿಸುತ್ತವೆ. ಪ್ರಾಣಿಪ್ಲವಕಗಳನ್ನು ಮೀನು ತಿಂದುಹಾಕುವುದರಿಂದ ಅವು ಮೇಯಬೇಕಿದ್ದ ಪಾಚಿ ಬೆಳೆದು ನೀರು ಹಸಿರಾಗುತ್ತದೆ. ಈ ಕಾರಣಕ್ಕೆ ನಾರ್ಫೋಕ್‌ನ ಕಾಕ್‌ಶೂಟ್ ಬ್ರಾಡ್ ಎಂಬ ಕೆರೆಯನ್ನು ತಿಳಿಗೊಳಿಸಲು ಬ್ರೀಮ್‌ನಂಥ ಮೀನುಗಳನ್ನು ಅಲ್ಲಿಂದ ತೆಗೆಯಲಾಯಿತು. ಅದೇ ಪ್ರದೇಶದ ಹೋವ್ಟನ್ ಗ್ರೇಟ್ ಬ್ರಾಡ್‌ನಲ್ಲಿ ಇದೇ ಕ್ರಮ ಕೈಗೊಳ್ಳಲು ಹೊರಟಾಗ, ಅದು ನದಿಯ ಬ್ರೀಮ್‌ಗಳು ಮೊಟ್ಟೆಯಿಡಲು ಬರುವ ತಾಣವೆಂದು ಗಾಳಗಾರರ ಸಂಘಟನೆಗಳು ವಿರೋಧಿಸಿದವು. ಎರಡೂ ವಾದಗಳಲ್ಲಿ ಹುರುಳಿದೆ. ಹೊಸ ಕೆರೆ ಪಡೆದ ಕ್ಲಬ್ ಮೊದಲು ಆಳ ಅಳೆದು, ಕಳೆಯ ಜಾತಿಗಳನ್ನು ಗುರುತಿಸಿ, ಒಂದೆರಡು ಮೀನಿನ ಪೊರೆ ಓದಿಸಿ, ಆಮೇಲೆ ಪರವಾನಗಿಗೆ ಅರ್ಜಿ ಹಾಕಬೇಕು. ತಳ ಕಾಣುವಷ್ಟು ತಿಳಿಯಾಗಿ, ಟೆಂಚ್ ಮತ್ತು ಕ್ರೂಸಿಯನ್ ಮೀನುಗಳು ಕಳೆಯ ನಡುವೆ ಚೆನ್ನಾಗಿ ಬದುಕಿರುವ ಸಣ್ಣ ಕೊಳವಾದರೆ ಅರ್ಜಿಯಲ್ಲಿ ಬ್ರೀಮ್ ಹೆಸರು ಬರೆಯದಿರುವುದೇ ಸರಿ.